ನಡೆಯದೇ ಹೋದದ್ದಕ್ಕೊಂದು ಸನ್ಮಾನ

ನಮ್ಮ ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ‘ಸನ್ಮಾನ’ ಎಂಬ ಒಂದು ಬಾಬ್ತಿದೆ. ಮರದ ಫಲಕ, ಅದರ ಮೇಲೊಂದು ಹಿತ್ತಾಳೆ ತಗಡು, ತಗಡಿನ ಮೇಲೆ ಕೊರೆದ ಹೆಸರು. ಕೊರೆಯುವ ಅಂಗಡಿಯವನು ಅಕ್ಷರಕ್ಕಿಷ್ಟು ಎಂದು ಲೆಕ್ಕ ಹಾಕುತ್ತಾನೆ. ಹಾಗಾಗಿ ಖಜಾಂಚಿಯಾದ ನನಗೆ ಚಿಕ್ಕ ಹೆಸರಿನವರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಮನೆತನದ ಹೆಸರನ್ನು ಮುಂದೆ ಹೊತ್ತುಕೊಂಡು ತಿರುಗುವ ನಮ್ಮ ಕೊಡಗಿನವರನ್ನೇನಾದರೂ ಸನ್ಮಾನಿಸಬೇಕಾಗಿ ಬಂದರೆ ಒಂದು ಮಧ್ಯಾಹ್ನದ ಊಟದ ಖರ್ಚು ಹೆಚ್ಚಾದೀತು.

ಬಾಸ್ಟನ್ ನಗರದ ದಕ್ಷಿಣ ಅಂಚಿನಲ್ಲಿರುವ ಸಣ್ಣ ರೋಟರಿ ಕ್ಲಬ್ಬು ನಮ್ಮದು. ಟೈರ್ ಅಂಗಡಿಯವರು, ವಿಮಾ ಏಜೆಂಟರು, ಹಲ್ಲಿನ ಡಾಕ್ಟರು, ನಿವೃತ್ತ ಮೇಡಮ್ಮು, ಶವಸಂಸ್ಕಾರದ ಮನೆ ನಡೆಸುವ ಹಿರಿಯರು, ತೆರಿಗೆ ಲೆಕ್ಕ ಬರೆಯುವ ನಾನು. ರೋಟರಿಯ ಬಗ್ಗೆ ಕನ್ನಡದ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಲ್ಸ್ ಪೋಲಿಯೊ ಬೂತಿನ ಬ್ಯಾನರಿನಲ್ಲೂ ಊರ ಬಸ್ ತಂಗುದಾಣದ ನೆತ್ತಿಯ ಮೇಲೂ ಆ ಹಲ್ಲುಚಕ್ರದ ಗುರುತನ್ನು ನೋಡಿಯೇ ಇರುತ್ತೀರಿ. 1905ರಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಶುರು ಮಾಡಿದ್ದು 1909ಕ್ಕೆ ಬಾಸ್ಟನ್ನಿಗೆ ಬಂತು, 1934ಕ್ಕೆ ಬೆಂಗಳೂರಿಗೂ ಬಂತು. ಹೆಂಗಸರನ್ನು ಸೇರಿಸಿಕೊಳ್ಳಲು ಮಾತ್ರ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಖಜಾಂಚಿ ಒಬ್ಬ ಹೆಂಗಸು ಎನ್ನುವುದು ನಮ್ಮ ಕೆಲವು ಹಳಬರಿಗೆ ಇವತ್ತಿಗೂ ಹೊಸ ಸುದ್ದಿಯೇ.

ವಾರದ ಊಟದಲ್ಲಿ ಗಂಟೆ ಬಾರಿಸಿ, ಧ್ವಜಕ್ಕೆ ವಂದನೆ ಮಾಡಿ, ಕೋಳಿ ತಿಂದಾದ ಮೇಲೆ ‘ಹ್ಯಾಪಿ ಡಾಲರ್’ ಎಂಬುದೊಂದು ಇರುತ್ತದೆ. ಖುಷಿಯ ಸುದ್ದಿ ಇದ್ದವರು ಒಂದು ಡಾಲರು ಡಬ್ಬಿಗೆ ಹಾಕಿ ಅದನ್ನು ಎಲ್ಲರಿಗೂ ಹೇಳಬೇಕು. ಮೊಮ್ಮಗಳು ಹುಟ್ಟಿದಳು, ನಮ್ಮೂರ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಗೆದ್ದಿತು, ಮೊಣಕಾಲಿನ ಆಪರೇಷನ್ ಸರಿಹೋಯಿತು. 2025ರ ಶುರುವಿನಲ್ಲಿ ಶವಸಂಸ್ಕಾರದ ಮನೆಯವರು ಎದ್ದು ಹತ್ತು ಡಾಲರಿನ ನೋಟು ಹಾಕಿದರು. ಅವರು ಎದ್ದದ್ದೇ ಆಶ್ಚರ್ಯ. ಅವರ ವ್ಯಾಪಾರದಲ್ಲಿ ಖುಷಿಯ ಸುದ್ದಿ ಎಲ್ಲಿಂದ ಬರಬೇಕು? “ಹೋದ ವರ್ಷ ನಮ್ಮಲ್ಲಿಗೆ ಗುಂಡೇಟು ಬಿದ್ದ ಹುಡುಗ ಒಬ್ಬನೂ ಬರಲಿಲ್ಲ,” ಎಂದು ಹೇಳಿ ಕೂತುಬಿಟ್ಟರು. ಆಮೇಲೆ ಕಾಫಿ ಕುಡಿಯುವಾಗ ಅವರೇ ಹೇಳಿದರು: ಯಾರನ್ನಾದರೂ ಕರೆದು ಕೃತಜ್ಞತೆ ಹೇಳಬೇಕಲ್ಲವಾ, ಪೊಲೀಸರನ್ನು, ಬೀದಿಯಲ್ಲಿ ಕೆಲಸ ಮಾಡುವವರನ್ನು?

2024ರಲ್ಲಿ ಬಾಸ್ಟನ್ ನಗರದಲ್ಲಿ ಕೊಲೆಯಾದವರು 24 ಮಂದಿ. 1957ರಿಂದೀಚೆಗೆ ಇಷ್ಟು ಕಡಿಮೆ ಯಾವ ವರ್ಷವೂ ಆಗಿರಲಿಲ್ಲ. 1990ರಲ್ಲಿ ಇದೇ ಸಂಖ್ಯೆ 152 ಇತ್ತು. ಎರಡೂ ಸಂಖ್ಯೆಗಳ ನಡುವೆ ಏನಾಯಿತು, ಯಾರು ಮಾಡಿದರು ಎನ್ನುವುದೇ ತಗಾದೆ. ಆ ತಗಾದೆ ಒಮ್ಮೆ ಇಡೀ ಕೆಲಸವನ್ನೇ ಕೆಡಿಸಿತ್ತು. ಅದಕ್ಕೇ ‘ಸನ್ಮಾನ’ ಎಂದ ಕೂಡಲೆ ನಾನು ಸ್ವಲ್ಪ ಹಿಂದೆ ಮುಂದೆ ನೋಡಿದೆ.

ವಿರಾಜಪೇಟೆಯಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕ. “ಅಲ್ಲಕ್ಕಾ, ಗುಂಡು ಹೊಡೆಯದೇ ಇದ್ದದ್ದಕ್ಕೂ ನಿಮ್ಮಲ್ಲಿ ಸನ್ಮಾನ ಮಾಡ್ತಾರಾ? ಹಾಗಾದ್ರೆ ನಮ್ಮೂರಿನವರಿಗೆಲ್ಲ ಒಂದೊಂದು ಶಾಲು ಕಳಿಸು.”

ಅವನ ಮಾತಿನಲ್ಲಿ ಹುರುಳಿದೆ. ಕೋವಿಯ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ, ದೇವರ ಮುಂದಿಟ್ಟು, ತೋಕ್ ಹೂ ಮುಡಿಸಿ ಪೂಜೆ ಮಾಡುವ ಮನೆ ನಮ್ಮದು. ಪೂಜೆ ಮುಗಿದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು ಎರಡು ಗುಂಡು. ತೋಟದಾಚೆಯವರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. ಬ್ರಿಟಿಷರ ಕಾಲದಿಂದ ನಮ್ಮವರಿಗೆ ಲೈಸೆನ್ಸಿನ ವಿನಾಯಿತಿ ಇದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಇದನ್ನೆಲ್ಲ ಹೇಳಿ ಕೊಡಗಿನ ಕೋವಿ ಪುಣ್ಯದ ಕೋವಿ ಎಂದು ಸಾಧಿಸುವ ಉದ್ದೇಶ ನನಗಿಲ್ಲ. ಗಡಿ ಜಗಳಕ್ಕೆ, ಪಾಲಿನ ಜಗಳಕ್ಕೆ ಕೋವಿ ಎತ್ತಿದವರ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲೂ ಬರುತ್ತದೆ. ಆದರೆ ಯಾವ ಕೋವಿ ಯಾರ ಮನೆಯದು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಬಾಸ್ಟನ್ನಿನ ಡಾರ್ಚೆಸ್ಟರ್, ರಾಕ್ಸ್‌ಬರಿ, ಮ್ಯಾಟಪ್ಯಾನ್‌ಗಳ ಬೀದಿಯಲ್ಲಿ ಸದ್ದು ಮಾಡುವ ಪಿಸ್ತೂಲಿಗೆ ಮಾಲೀಕ ಎಂಬುವವನೇ ಇರುವುದಿಲ್ಲ. ಯಾರೋ ಕಾಗದಪತ್ರ ಸರಿಯಿದ್ದವರು ಇನ್ನೊಬ್ಬರಿಗಾಗಿ ಕೊಂಡದ್ದು, ಅಥವಾ ಯಾರದೋ ಮನೆಯಿಂದ ಕದ್ದದ್ದು, ಕೈಯಿಂದ ಕೈಗೆ ದಾಟಿ ಹದಿನೇಳರ ಹುಡುಗನ ಸೊಂಟಕ್ಕೆ ಬಂದಿರುತ್ತದೆ.

ಮ್ಯಾಸಚೂಸೆಟ್ಸ್‌ನ ಕಾನೂನು ಅಮೆರಿಕದ ಮಟ್ಟಿಗೆ ಬಹಳ ಬಿಗಿ. ಇಲ್ಲಿ ಪಿಸ್ತೂಲು ಇಟ್ಟುಕೊಳ್ಳಬೇಕಾದರೆ ನಿಮ್ಮೂರ ಪೊಲೀಸ್ ಮುಖ್ಯಸ್ಥರ ಕಚೇರಿಯಿಂದ ಲೈಸೆನ್ಸ್ ಪಡೆಯಬೇಕು. ಬಿಡಿಭಾಗ ಜೋಡಿಸಿ ಮನೆಯಲ್ಲೇ ಮಾಡಿಕೊಳ್ಳುವ, ನಂಬರಿಲ್ಲದ ‘ಘೋಸ್ಟ್ ಗನ್’ಗಳ ವಿರುದ್ಧ 2024ರ ಜುಲೈನಲ್ಲಿ ಗವರ್ನರ್ ಮೌರಾ ಹೀಲಿ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಜನಸಂಖ್ಯೆಗೆ ಹೋಲಿಸಿದರೆ ಗುಂಡಿನಿಂದ ಸಾಯುವವರು ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಇದೂ ಒಂದು. ಆದರೆ ಗಂಟೆಯೊಳಗೆ ಕಾರಿನಲ್ಲಿ ನ್ಯೂ ಹ್ಯಾಂಪ್‌ಷೈರ್ ಸೇರಬಹುದು, ಅಲ್ಲಿನ ನಿಯಮಗಳೇ ಬೇರೆ. ದಕ್ಷಿಣದ ರಾಜ್ಯಗಳಿಂದ 95ನೇ ಹೆದ್ದಾರಿ ಹಿಡಿದು ಬರುವ ಬಂದೂಕುಗಳಂತೂ ಹಳೆಯ ಕಥೆ. ಇಡೀ ದೇಶದಲ್ಲಿ 2023ರಲ್ಲಿ ಗುಂಡಿಗೆ ಸತ್ತವರು 46,728 ಮಂದಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಟಿವಿಯಲ್ಲಿ ಕಾಣುವ ಶಾಲೆಯ, ಮಾಲ್‌ಗಳ ಸಾಮೂಹಿಕ ಹತ್ಯೆಗಳು ಈ ಲೆಕ್ಕದ ಸಣ್ಣ ಮೂಲೆ. ಊರಿನಿಂದ ಫೋನ್ ಮಾಡುವ ನೆಂಟರು ವಿಚಾರಿಸುವುದೂ ಅದನ್ನೇ. ಡಾರ್ಚೆಸ್ಟರಿನ ಬೀದಿ ಮೂಲೆಯಲ್ಲಿ ಒಬ್ಬೊಬ್ಬರಾಗಿ ಸಾಯುವವರ ಸುದ್ದಿ ಮೈಸೂರಿನವರೆಗೆ ಬರುವುದಿಲ್ಲ, ಪಕ್ಕದ ಊರಿಗೂ ಬರುವುದಿಲ್ಲ.

ಈಗ ಆ 152ರ ಕಾಲಕ್ಕೆ ಬರೋಣ.

1989ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಬಿಳಿಯನೊಬ್ಬ ಬಸುರಿ ಹೆಂಡತಿಯ ಕೊಲೆ ಮಾಡಿ, ಕಪ್ಪು ಮನುಷ್ಯನೊಬ್ಬ ಕಾರಿಗೆ ನುಗ್ಗಿ ಗುಂಡು ಹೊಡೆದ ಎಂದು ಪೊಲೀಸರಿಗೆ ಹೇಳಿದ. ಪೊಲೀಸರು ಮಿಷನ್ ಹಿಲ್ ಎಂಬ ಬಡಾವಣೆಗೆ ನುಗ್ಗಿ ಸಿಕ್ಕಸಿಕ್ಕ ಕಪ್ಪು ಹುಡುಗರನ್ನು ಗೋಡೆಗೆ ನಿಲ್ಲಿಸಿ ತಡಕಿದರು. ಮರುವರ್ಷದ ಜನವರಿಯಲ್ಲಿ ಸತ್ಯ ಹೊರಬೀಳುವ ಹೊತ್ತಿಗೆ ಸ್ಟುವರ್ಟ್ ಟೋಬಿನ್ ಸೇತುವೆಯಿಂದ ಹಾರಿ ಸತ್ತಿದ್ದ. ತಪ್ಪಾಗಿ ಸಿಕ್ಕಿಸಲ್ಪಟ್ಟ ಇಬ್ಬರಿಗೆ ನಗರದ ಪರವಾಗಿ ಮೇಯರ್ ಮಿಷೆಲ್ ವು ಕ್ಷಮೆ ಕೇಳಿದ್ದು 2023ರ ಡಿಸೆಂಬರಿನಲ್ಲಿ, 34 ವರ್ಷ ಕಳೆದ ಮೇಲೆ. ಇಂಥ ಊರಿನಲ್ಲಿ ಕೊಲೆ ನೋಡಿದವರು ಪೊಲೀಸರ ಮುಂದೆ ಬಾಯಿ ಬಿಡಲಿಲ್ಲ ಎಂದರೆ ಯಾರನ್ನು ಬೈಯುವುದು?

1992ರ ಮೇ ತಿಂಗಳಲ್ಲಿ ಮ್ಯಾಟಪ್ಯಾನಿನ ಮಾರ್ನಿಂಗ್ ಸ್ಟಾರ್ ಚರ್ಚಿನಲ್ಲಿ, ಗುಂಡಿಗೆ ಸತ್ತ ಹುಡುಗನೊಬ್ಬನ ಅಂತ್ಯಸಂಸ್ಕಾರ ನಡೆಯುತ್ತಿದ್ದಾಗಲೇ, ಎದುರು ಗುಂಪಿನವರು ಒಳಗೆ ನುಗ್ಗಿ ಇನ್ನೊಬ್ಬನನ್ನು ಇರಿದರು. ಹುಡುಗರು ಚರ್ಚಿಗೆ ಬರುತ್ತಿಲ್ಲ ಎಂದು ಕೊರಗುತ್ತಿದ್ದ ಪಾದ್ರಿಗಳಿಗೆ ಹುಡುಗರು ಬಂದೇಬಿಟ್ಟಿದ್ದರು, ಕೈಯಲ್ಲಿ ಚಾಕು ಹಿಡಿದುಕೊಂಡು. ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ವೈದ್ಯವೃತ್ತಿಯಿಂದ ಬಂದಿದ್ದ ರೇ ಹ್ಯಾಮಂಡ್ ಮೊದಲಾದವರು ‘ಟೆನ್‌ಪಾಯಿಂಟ್ ಕೊಯಲಿಷನ್’ ಎಂಬ ಕೂಟ ಕಟ್ಟಿ ಶುಕ್ರವಾರ ರಾತ್ರಿ ಬೀದಿಯಲ್ಲಿ ನಡೆಯತೊಡಗಿದರು. ಮೊದಮೊದಲು ಹುಡುಗರು ಮಾತೇ ಆಡಲಿಲ್ಲವಂತೆ, ದೂರದಿಂದ ನೋಡುತ್ತಿದ್ದರಂತೆ, ಇವರು ಮುಂದಿನ ವಾರವೂ ಬರುತ್ತಾರಾ ಎಂದು. ರಿವರ್ಸ್ ಆಗ ಪೊಲೀಸರ ಕಡು ಟೀಕಾಕಾರ. ಅವರ ಮನೆಯ ಮೇಲೇ ಗುಂಡು ಬಿದ್ದ ಮೇಲೂ ಬೀದಿ ಬಿಟ್ಟು ಹೋಗಲಿಲ್ಲ. ನಿಧಾನಕ್ಕೆ ಒಂದು ಒಪ್ಪಂದದಂಥದ್ದು ಬೆಳೆಯಿತು: ಪೊಲೀಸರು ಎಲ್ಲರನ್ನೂ ಗೋಡೆಗೆ ನಿಲ್ಲಿಸುವುದನ್ನು ಬಿಡಬೇಕು, ನಿಜಕ್ಕೂ ಅಪಾಯಕಾರಿಯಾದ ಬೆರಳೆಣಿಕೆಯ ಹುಡುಗರು ಜೈಲಿಗೆ ಹೋದರೆ ಪಾದ್ರಿಗಳು ಅಡ್ಡ ಬರುವುದಿಲ್ಲ.

ಪೊಲೀಸರ ಕಡೆಯಲ್ಲೂ ಬೇಸತ್ತವರಿದ್ದರು. 1992ರಲ್ಲೇ ಡಾರ್ಚೆಸ್ಟರ್ ನ್ಯಾಯಾಲಯದ ಪ್ರೊಬೇಷನ್ ಅಧಿಕಾರಿಗಳು ರಾತ್ರಿ ಪೊಲೀಸರ ಕಾರಿನಲ್ಲಿ ಕೂತು, ತಮ್ಮ ನಿಗಾದಲ್ಲಿದ್ದ ಹುಡುಗರ ಮನೆಬಾಗಿಲು ತಟ್ಟಲು ಹೊರಟರು. ರಾತ್ರಿ ಮನೆಯಲ್ಲಿರಬೇಕು ಎಂದು ಜಡ್ಜ್ ಹೇಳಿದ್ದಾರೆ, ಇದ್ದಾನಾ? ಅಷ್ಟೇ ಪ್ರಶ್ನೆ. ಎಷ್ಟೋ ತಾಯಂದಿರು ಬಾಗಿಲು ತೆಗೆದು, ಬನ್ನಿ, ಒಳಗೆ ಬಂದು ನೀವೇ ಒಂದು ಮಾತು ಹೇಳಿ ಎಂದರಂತೆ.

1995ರಲ್ಲಿ ಹಾರ್ವರ್ಡಿನ ಡೇವಿಡ್ ಕೆನಡಿ, ಆಂಥೊನಿ ಬ್ರಾಗ, ಆ್ಯನ್ ಪೀಲ್ ಎಂಬ ಸಂಶೋಧಕರು ಈ ಪೊಲೀಸರ, ಪ್ರೊಬೇಷನ್‌ನವರ, ಬೀದಿಯಲ್ಲಿ ಹುಡುಗರ ನಡುವೆ ಕೆಲಸ ಮಾಡುವ ನಗರಸಭೆಯ ‘ಸ್ಟ್ರೀಟ್‌ವರ್ಕರ್’ಗಳ ಜೊತೆ ಕೂತು ಒಂದು ನಕ್ಷೆ ಮಾಡಿದರು. ಕೊಲೆಯಾದ ಹುಡುಗರ ಪಟ್ಟಿ ಎದುರಿಗಿಟ್ಟು ಒಂದೊಂದನ್ನೂ ಕೇಳಿದರು: ಇವನನ್ನು ಯಾಕೆ ಕೊಂದರು, ಇವನು ಯಾವ ಗುಂಪಿನವನು, ಆ ಗುಂಪಿಗೆ ಯಾವುದರ ಜೊತೆ ಜಗಳ? ಉತ್ತರಗಳೆಲ್ಲ ಗ್ಯಾಂಗ್ ಪೊಲೀಸರ ತಲೆಯಲ್ಲೂ ಸ್ಟ್ರೀಟ್‌ವರ್ಕರ್‌ಗಳ ತಲೆಯಲ್ಲೂ ಇದ್ದವು, ಎಲ್ಲೂ ಬರೆದಿರಲಿಲ್ಲ. ಕೊನೆಗೆ ಸಿಕ್ಕದ್ದು ಇಷ್ಟು: ಸುಮಾರು 60 ಗುಂಪುಗಳು, ಅವುಗಳಲ್ಲಿ ಸುಮಾರು 1,300 ಹುಡುಗರು. ನಗರದ ಆ ವಯಸ್ಸಿನವರಲ್ಲಿ ನೂರಕ್ಕೆ ಒಬ್ಬನೂ ಅಲ್ಲ. ಹುಡುಗರ ಕೊಲೆಗಳಲ್ಲಿ ಕನಿಷ್ಠ ಶೇ 60ರಷ್ಟರ ಹಿಂದೆ ಇವರೇ. ಡ್ರಗ್ಸ್ ವ್ಯಾಪಾರಕ್ಕಿಂತ ಹೆಚ್ಚಾಗಿ ಹಳೆಯ ಸೇಡು, ಅವಮಾನ, ಅವನು ನನ್ನನ್ನು ಹೀಗೆ ನೋಡಿದ ಎನ್ನುವಂಥ ಕಾರಣಗಳು.

ಇಡೀ ಬಡಾವಣೆಯನ್ನೇ ಅನುಮಾನಿಸಿದ ಪೊಲೀಸರಿಗೂ, ಎಲ್ಲ ಬಡತನದ್ದೇ ಫಲ ಎಂದು ಕೈಚೆಲ್ಲಿದವರಿಗೂ ಈ ಲೆಕ್ಕದಲ್ಲಿ ಉತ್ತರವಿದೆ ಎಂದು ನನಗೆ ಅನಿಸುತ್ತದೆ. ಸಾವಿರದ ಮುನ್ನೂರು ಜನ ಎಂದರೆ ಹೆಸರು ಹಿಡಿದು ಕರೆದು ಮಾತಾಡಬಹುದಾದಷ್ಟು ಜನ. ಹಾಗೆಯೇ ಮಾಡಿದರು. 1996ರ ಮೇ ತಿಂಗಳಲ್ಲಿ ಡಾರ್ಚೆಸ್ಟರ್ ನ್ಯಾಯಾಲಯಕ್ಕೆ ಗುಂಪುಗಳ ಹುಡುಗರನ್ನು ಕರೆಸಿ ಕೂರಿಸಿದರು. ಎದುರಿಗೆ ಪೊಲೀಸರು, ಫೆಡರಲ್ ವಕೀಲರು, ಪ್ರೊಬೇಷನ್‌ನವರು, ಪಾದ್ರಿಗಳು, ಸ್ಟ್ರೀಟ್‌ವರ್ಕರ್‌ಗಳು ಎಲ್ಲ ಒಟ್ಟಿಗೆ. ಹೇಳಿದ್ದು ಎರಡು ಮಾತು. ಗುಂಡು ಹಾರುವುದು ನಿಲ್ಲಬೇಕು. ಇನ್ನು ಮುಂದೆ ನಿಮ್ಮ ಗುಂಪಿನ ಯಾರೇ ಕೊಂದರೂ ಇಡೀ ಗುಂಪಿನ ಮೇಲೆ, ಸಣ್ಣಪುಟ್ಟ ಅಪರಾಧಕ್ಕೂ ಬಿಡದೆ, ಎಲ್ಲ ಇಲಾಖೆಯವರೂ ಒಟ್ಟಿಗೆ ಬೀಳುತ್ತೇವೆ. ಮತ್ತೆ, ಬಿಟ್ಟು ಬರುತ್ತೇನೆ ಎನ್ನುವವನಿಗೆ ಓದು, ಕೆಲಸ, ಮನೆಯವರ ಜೊತೆ ರಾಜಿ, ಏನು ಬೇಕೋ ಅದು ಈ ಪಾದ್ರಿಗಳ ಹತ್ತಿರ, ಈ ಸ್ಟ್ರೀಟ್‌ವರ್ಕರ್‌ಗಳ ಹತ್ತಿರ ಇದೆ. ಹಳೆಯ ಅಪರಾಧಿಯೊಬ್ಬ ಒಂದೇ ಒಂದು ಗುಂಡು ಇಟ್ಟುಕೊಂಡದ್ದಕ್ಕೆ ಫೆಡರಲ್ ಕೋರ್ಟಿನಲ್ಲಿ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಶಿಕ್ಷೆ ಅನುಭವಿಸುತ್ತಿದ್ದ. ಅವನ ಫೋಟೋ ಹಾಕಿ ಪೋಸ್ಟರ್ ಹಂಚಿದರು.

‘ಆಪರೇಷನ್ ಸೀಸ್‌ಫೈರ್’ ಎಂದು ಹೆಸರಾದ ಇದರ ನಂತರ ಹುಡುಗರ ಕೊಲೆಗಳು ತಿಂಗಳ ಸರಾಸರಿಯಲ್ಲಿ ಶೇ 63ರಷ್ಟು ಇಳಿದವು. 1999ರಲ್ಲಿ ಇಡೀ ನಗರದಲ್ಲಿ 31 ಕೊಲೆ. ಪತ್ರಿಕೆಗಳು ‘ಬಾಸ್ಟನ್ ಪವಾಡ’ ಎಂದು ಬರೆದವು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಬಂದು ಬೆನ್ನು ತಟ್ಟಿ ಹೋದರು. 1998ರ ಜೂನಿನಲ್ಲಿ ನ್ಯೂಸ್‌ವೀಕ್ ಮುಖಪುಟದ ಮೇಲೆ ರಿವರ್ಸ್ ಅವರ ಚಿತ್ರ ಬಂತು.

ಕೆಟ್ಟದ್ದೂ ಅಲ್ಲಿಂದಲೇ. ಪವಾಡ ಎಂದ ಮೇಲೆ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಚರ್ಚುಗಳು ಮಾಡಿದ್ದು ಎಂದರು ಕೆಲವರು. ಪೊಲೀಸರದ್ದು ಎಂದರು ಕೆಲವರು, ಹಾರ್ವರ್ಡಿನವರದ್ದು ಎಂದರು ಇನ್ನು ಕೆಲವರು. ಆ ಹೊತ್ತಿಗೆ ಇಡೀ ಅಮೆರಿಕದಲ್ಲೇ ಅಪರಾಧ ಇಳಿಯುತ್ತಿತ್ತು, ಬಾಸ್ಟನ್ನಿನ ಪಾಲು ಎಷ್ಟು ಎಂದು ಅಂಕಿ ಅಂಶದವರೂ ವಾದ ಹೂಡಿದರು. ಪಾದ್ರಿಗಳು ಪಾದ್ರಿಗಳ ಜೊತೆ ಮುನಿಸಿಕೊಂಡರು. ಗ್ಯಾಂಗ್ ಘಟಕದಲ್ಲಿದ್ದ ಪಾಲ್ ಜಾಯ್ಸ್ ಮೇಲಿನ ಹುದ್ದೆಗೆ ಹೋದರು. 2000ದ ಹೊತ್ತಿಗೆ ಆ ಸಭೆಗಳೇ ನಿಂತುಹೋದವು. ನಿಲ್ಲಿಸುತ್ತೇವೆ ಎಂದು ಯಾರೂ ಆದೇಶ ಹೊರಡಿಸಲಿಲ್ಲ, ಸೇರುವವರು ಸೇರಲಿಲ್ಲ, ಅಷ್ಟೇ. 2005ಕ್ಕೆ ಕೊಲೆಗಳು ಮತ್ತೆ 70 ದಾಟಿದವು. ನಮ್ಮ ಶವಸಂಸ್ಕಾರದ ಮನೆಯವರು ಆ ವರ್ಷಗಳ ಮಾತು ಬಂದರೆ ಈಗಲೂ ವಿಷಯ ಬದಲಿಸುತ್ತಾರೆ. ಹೊಸ ಪೊಲೀಸ್ ಕಮಿಷನರ್ ಎಡ್ ಡೇವಿಸ್ ಬಂದ ಮೇಲೆ 2007ರಲ್ಲಿ ಸೀಸ್‌ಫೈರ್ ಮತ್ತೆ ಶುರುವಾಯಿತು. ಈ ಸಲ ಯಾವ ಗುಂಪುಗಳನ್ನು ಕರೆಸಿ ಮಾತಾಡಿದ್ದರೋ ಅವು ಭಾಗಿಯಾದ ಗುಂಡಿನ ಪ್ರಕರಣಗಳು ಶೇ 31ರಷ್ಟು ಇಳಿದವು ಎಂದು ಬ್ರಾಗ ಮತ್ತು ಜೊತೆಯವರು ಲೆಕ್ಕ ಹಾಕಿದರು. ಹೊಗಳಿಕೆ ಕಡಿಮೆ ಬಂತು. ಕೆಲಸ ಹೆಚ್ಚು ದಿನ ಬಾಳಿತು.

ಇಷ್ಟು ಚರಿತ್ರೆಯನ್ನು ನಾನು ಕ್ಲಬ್ಬಿನ ಸಮಿತಿಯ ಮುಂದೆ ಇಟ್ಟಾಗ ವಿಮಾ ಏಜೆಂಟರು, “ಒಂದು ಫಲಕ ಕೊಡೋದಕ್ಕೆ ಇಷ್ಟೆಲ್ಲ ಯೋಚನೆಯಾ?” ಎಂದರು. ಆದರೆ ಅಷ್ಟರಲ್ಲೇ ಸಮಿತಿಯೊಳಗೆ ಜಗಳ ಹತ್ತಿತ್ತು. ಒಬ್ಬರು ಪೊಲೀಸ್ ಅಧಿಕಾರಿಯ ಹೆಸರು ತಂದಿದ್ದರು. ನಿವೃತ್ತ ಮೇಡಂ ತಮ್ಮ ಶಾಲೆಯಲ್ಲಿ ಓದಿದ ಹುಡುಗರನ್ನು ಪೊಲೀಸರು ತಡಕಿದ್ದನ್ನು ಕಣ್ಣಾರೆ ಕಂಡವರು. ಸಮವಸ್ತ್ರಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟುವುದು ತಮ್ಮಿಂದ ಆಗದು ಎಂದರು. ಈಗಿನ ಕಮಿಷನರ್ ಮೈಕೆಲ್ ಕಾಕ್ಸ್ ಅವರ ಕಥೆಯನ್ನು ಇಬ್ಬರೂ ತಮ್ಮ ತಮ್ಮ ವಾದಕ್ಕೆ ಬಳಸಿದರು. ಕಾಕ್ಸ್ ರಾಕ್ಸ್‌ಬರಿಯಲ್ಲಿ ಬೆಳೆದ ಕಪ್ಪು ಮನುಷ್ಯ. 1995ರ ಜನವರಿಯ ಒಂದು ರಾತ್ರಿ ಮಫ್ತಿಯಲ್ಲಿ ಕೊಲೆ ಆರೋಪಿಯೊಬ್ಬನನ್ನು ಬೆನ್ನಟ್ಟುತ್ತಿದ್ದಾಗ, ಸಹೋದ್ಯೋಗಿ ಪೊಲೀಸರೇ ಅವರನ್ನು ಆರೋಪಿ ಎಂದುಕೊಂಡು ಮೂರ್ಛೆ ಹೋಗುವಂತೆ ಬಡಿದರು. ಬಡಿದದ್ದು ನಾನು ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ಕಾಕ್ಸ್ ನ್ಯಾಯಾಲಯದಲ್ಲಿ ಹೋರಾಡಿ, 2022ರಲ್ಲಿ ಅದೇ ಇಲಾಖೆಯ ಮುಖ್ಯಸ್ಥರಾದರು. ನೋಡಿ, ಇಲಾಖೆ ಬದಲಾಗಿದೆ ಎಂದರು ಒಬ್ಬರು. ನೋಡಿ, ಇಲಾಖೆ ಎಂಥದು ಎಂದರು ಮೇಡಂ. ನನಗೆ ಇಬ್ಬರದೂ ಸರಿ ಅನ್ನಿಸಿತು. ಖಜಾಂಚಿಗೆ ಓಟು ಒಂದೇ.

ಕೊನೆಗೆ ಒಬ್ಬ ಪತ್ತೇದಾರಿ ಅಧಿಕಾರಿ, ಒಬ್ಬ ಸ್ಟ್ರೀಟ್‌ವರ್ಕರ್, ಮಗನನ್ನು ಕಳೆದುಕೊಂಡ ಒಬ್ಬ ತಾಯಿ, ಮೂವರನ್ನೂ ಒಂದೇ ಊಟಕ್ಕೆ ಕರೆಯುವುದೆಂದಾಯಿತು. ಪೊಲೀಸರೊಬ್ಬರಿಗೇ ಕೊಟ್ಟರೆ ಅದು ಅರ್ಧ ಸುಳ್ಳು, ಸ್ಟ್ರೀಟ್‌ವರ್ಕರ್‌ಗಷ್ಟೇ ಕೊಟ್ಟರೂ ಅಷ್ಟೇ.

ತಾಯಿಯನ್ನು ಕರೆಯಲು ಕಾರಣವಿತ್ತು. 1993ರ ಡಿಸೆಂಬರ್ 20ರಂದು ಲೂಯಿಸ್ ಬ್ರೌನ್ ಎಂಬ ಹದಿನೈದರ ಹುಡುಗ, ಗ್ಯಾಂಗ್ ಹಿಂಸೆಯನ್ನು ವಿರೋಧಿಸುವ ಹುಡುಗರ ಸಂಘವೊಂದರ ಕ್ರಿಸ್‌ಮಸ್ ಪಾರ್ಟಿಗೆ ಹೋಗುವ ದಾರಿಯಲ್ಲಿ, ಡಾರ್ಚೆಸ್ಟರಿನಲ್ಲಿ, ಯಾರದೋ ಗುಂಡಿನ ಜಗಳದ ನಡುವೆ ಸಿಕ್ಕು ಸತ್ತ. ಅಮೆರಿಕದ ಮೊದಲ ಕಪ್ಪು ಅಧ್ಯಕ್ಷನಾಗುತ್ತೇನೆ ಎನ್ನುತ್ತಿದ್ದ ಹುಡುಗ. ಅವನ ತಾಯಿ ಕ್ಲೆಮೆಂಟಿನಾ ಷೆರಿ 1994ರಲ್ಲಿ ಮಗನ ಹೆಸರಲ್ಲಿ ‘ಪೀಸ್ ಇನ್ಸ್ಟಿಟ್ಯೂಟ್’ ತೆರೆದರು. ಅಲ್ಲಿನ ಕೆಲಸ ಭಾಷಣದ್ದಲ್ಲ. ಮಗ ಸತ್ತ ಮನೆಗೆ ಮೊದಲ ದಿನಗಳಲ್ಲೇ ಹೋಗುವುದು. ಹೆಣ ಯಾವಾಗ ಕೊಡುತ್ತಾರೆ, ಮಣ್ಣು ಮಾಡುವ ಖರ್ಚಿಗೆ ಸರಕಾರದ ಪರಿಹಾರ ಹೇಗೆ ಕೇಳಬೇಕು, ಟಿವಿಯವರು ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಬರೆದಿಟ್ಟ ಕೈಪಿಡಿ ಕೊಟ್ಟು ಪಕ್ಕದಲ್ಲಿ ಕೂರುವುದು. ಸತ್ತವನ ಭಾವಚಿತ್ರದ ಬಿಲ್ಲೆಗಳನ್ನು ಮಾಡಿಕೊಡುತ್ತಾರೆ, ಮನೆಮಂದಿ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಕೊಂದವನ ತಾಯಿಯ ಮನೆಗೂ ಈ ಸಂಸ್ಥೆಯವರು ಹೋಗುತ್ತಾರೆ. ಇದನ್ನು ಮೊದಲ ಸಲ ಕೇಳಿದಾಗ ನಮ್ಮ ಟೈರ್ ಅಂಗಡಿಯವರು ಫೋರ್ಕ್ ಕೆಳಗಿಟ್ಟು, “ಅದು ಯಾಕೆ?” ಎಂದಿದ್ದರು. ಆ ತಾಯಿಯೂ ಒಬ್ಬ ಮಗನನ್ನು ಕಳೆದುಕೊಂಡಿದ್ದಾಳೆ, ಜೊತೆಗೆ ಆ ಮನೆಯಲ್ಲಿ ಅವನ ತಮ್ಮ ಇರುತ್ತಾನೆ. 1996ರಿಂದ ಪ್ರತಿ ಮೇ ತಿಂಗಳ ತಾಯಂದಿರ ದಿನದಂದು ಡಾರ್ಚೆಸ್ಟರಿನಲ್ಲಿ ಇವರೆಲ್ಲ ಸೇರಿ ನಡೆಯುತ್ತಾರೆ. ನಮ್ಮ ಕ್ಲಬ್ಬಿನವರು ನೀರಿನ ಬಾಟಲಿ ಹಂಚುತ್ತೇವೆ, ಅಷ್ಟರ ಮಟ್ಟಿಗೆ ನಮ್ಮ ಪಾತ್ರ.

ಊಟದ ದಿನ ಬಂದ ತಾಯಿ ಬೇರೆಯವರು, ಅವರ ಹೆಸರು ಇಲ್ಲಿ ಬೇಡ. ಕೋಟಿನ ಮೇಲೆ ಮಗನ ಬಿಲ್ಲೆ ಇತ್ತು. ಪತ್ತೇದಾರಿ ಅಧಿಕಾರಿ ಅವರ ಎದುರು ಕೂರದೆ ಪಕ್ಕದಲ್ಲಿ ಕೂತರು. ಮಗನ ಕೇಸು ನೋಡಿದ್ದು ಇದೇ ಅಧಿಕಾರಿ, ಆರೋಪಿ ಇನ್ನೂ ಸಿಕ್ಕಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅವರಿಬ್ಬರೂ ಇಡೀ ಊಟದಲ್ಲಿ ಕೇಸಿನ ಮಾತೇ ಆಡಲಿಲ್ಲ. ಆಕೆ ಅಧಿಕಾರಿಯ ತಟ್ಟೆಗೆ ತಮ್ಮ ಪಾಲಿನ ಬ್ರೆಡ್ ಇಟ್ಟರು, ಅವರು ತಿಂದರು.

ಅಧಿಕಾರಿಯ ಭಾಷಣ ಚಿಕ್ಕದು. ಒಂದು ಕಡೆ ಗುಂಡು ಹಾರಿದರೆ ಮುಂದಿನ ಮೂರು ದಿನ ಮುಖ್ಯ, ಸೇಡಿಗೆ ಹೊರಡುವವರು ಆಗಲೇ ಹೊರಡುವುದು. ಆ ಮೂರು ದಿನ ತಾನು ಹೋದರೆ ಹುಡುಗರು ಓಡುತ್ತಾರೆ, ಇವರು ಹೋದರೆ ನಿಲ್ಲುತ್ತಾರೆ ಎಂದು ಸ್ಟ್ರೀಟ್‌ವರ್ಕರ್ ಕಡೆ ಕೈ ತೋರಿಸಿದರು. ಆ ಮನುಷ್ಯ ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಕೈ ಎತ್ತಿದರು. ಹರೆಯದಲ್ಲಿ ಜೈಲು ಕಂಡವರು. ಈಗ ಆಸ್ಪತ್ರೆಗೆ, ಶಾಲೆಯ ಗೇಟಿಗೆ, ಮೂಲೆಯ ಅಂಗಡಿಗೆ ಓಡಾಡುತ್ತ, ಯಾರು ಯಾರ ಮೇಲೆ ಉರಿಯುತ್ತಿದ್ದಾರೆ ಎಂದು ತಿಳಿದುಕೊಂಡು ನಡುವೆ ನಿಲ್ಲುವುದು ಅವರ ಉದ್ಯೋಗ.

ಫೋಟೋ ತೆಗೆಯುವ ಹೊತ್ತಿಗೆ ಎಡವಟ್ಟಾಯಿತು. ಫಲಕ ಹಿಡಿದು ಮೂವರೂ ಒಟ್ಟಿಗೆ ನಿಲ್ಲಿ, ಸ್ಥಳೀಯ ಪತ್ರಿಕೆಗೆ ಕಳಿಸಬೇಕು ಎಂದು ನಮ್ಮ ಅಧ್ಯಕ್ಷರು ಕರೆದರು. ಸ್ಟ್ರೀಟ್‌ವರ್ಕರ್ ಬಾಗಿಲ ಹತ್ತಿರವೇ ನಿಂತರು. “ಸರ್, ಆ ಪೊಲೀಸ್ ಜೊತೆ ಪೇಪರಿನಲ್ಲಿ ನನ್ನ ಫೋಟೋ ಬಂದರೆ ನಾಳೆಯಿಂದ ನನಗೆ ಕೆಲಸ ಇರೋದಿಲ್ಲ. ಹುಡುಗರು ನನಗೆ ಹೇಳೋದನ್ನೆಲ್ಲ ನಾನು ಅವರಿಗೆ ಹೇಳ್ತೀನಿ ಅಂದ್ಕೊಳ್ತಾರೆ.” ಅಧ್ಯಕ್ಷರು ಪೆಚ್ಚಾದರು. ಪತ್ತೇದಾರಿ ಅಧಿಕಾರಿಯೇ ಮುಂದೆ ಬಂದು, ಅವರು ಹೇಳುವುದು ಸರಿ, ಅವರು ನನಗೆ ಏನೂ ಹೇಳುವುದಿಲ್ಲ, ಹೇಳಬಾರದು ಕೂಡ ಎಂದರು.

ಒಳಗಿನವರಿಗೆ ಇದು ಪಾಠವೇ ಅಲ್ಲ, ದಿನದ ಊಟ. ಹಿಂಸೆ ತಡೆಯುವ ಈ ಬಗೆಯ ಸಮುದಾಯದ ಕೆಲಸಕ್ಕೆ 2022ರ ಫೆಡರಲ್ ಕಾನೂನಿನಲ್ಲಿ 25 ಕೋಟಿ ಡಾಲರು ಎತ್ತಿಟ್ಟರು. ಆ ಹಣ ಸಂಬಳ ಕೊಟ್ಟೀತು, ನಂಬಿಕೆ ಕೊಡಲಾರದು. ಸ್ಟ್ರೀಟ್‌ವರ್ಕರ್‌ನ ಬಂಡವಾಳ ಒಂದೇ, ಈತ ಪೊಲೀಸರ ಕಿವಿಯಲ್ಲ ಎಂಬ ಬೀದಿಯ ನಂಬಿಕೆ. ಅವರು ಪೊಲೀಸರ ಜೊತೆ ಕೆಲಸ ಮಾಡಬೇಕು, ಜೊತೆಗಿದ್ದಾರೆ ಎಂದು ಕಾಣಿಸಬಾರದು. ನಮ್ಮಂಥ ಕ್ಲಬ್ಬುಗಳಿಗೆ ಇದು ಅರ್ಥವಾಗುವುದು ಕಷ್ಟ. ಕೊಟ್ಟದ್ದು ಕಾಣಬೇಕು, ಬ್ಯಾನರ್ ಇರಬೇಕು, ಫೋಟೋ ಬರಬೇಕು. ನಾವು ಬೆಳೆದದ್ದೇ ಹಾಗೆ. ಬೆಂಗಳೂರಿನಲ್ಲಾಗಲಿ ಬಾಸ್ಟನ್ನಿನಲ್ಲಾಗಲಿ ಶಾಲು ಹೊದೆಸುವವನ ಕಣ್ಣು ಕ್ಯಾಮೆರಾದ ಮೇಲೇ ಇರುತ್ತದೆ.

ಪತ್ರಿಕೆಗೆ ಫೋಟೋ ಹೋಗಲಿಲ್ಲ. ಆ ಮನುಷ್ಯ ಹೊರಡುವಾಗ ನಾನು ಕೇಳಿದೆ, ಹಾಗಾದರೆ ನಮ್ಮಂಥವರು ಏನು ಮಾಡಬೇಕು? ಯೋಚನೆಯೇ ಮಾಡದೆ ಹೇಳಿದರು: “ನಿಮ್ಮ ಈ ರೂಮಿನಲ್ಲಿ ಎಷ್ಟು ಜನರಿಗೆ ಸ್ವಂತ ವ್ಯಾಪಾರ ಇದೆ? ಜುಲೈ ಆಗಸ್ಟಿಗೆ ಹುಡುಗರಿಗೆ ಕೆಲಸ ಕೊಡಿ.”

ಇದು ಬರೀ ಒಳ್ಳೆಯ ಮಾತಲ್ಲ, ಇದಕ್ಕೆ ಆಧಾರವಿದೆ. ಬಾಸ್ಟನ್ ನಗರದ ಬೇಸಿಗೆ ಉದ್ಯೋಗ ಯೋಜನೆಯಲ್ಲಿ ಅರ್ಜಿ ಹೆಚ್ಚು ಬಂದಾಗ ಚೀಟಿ ಎತ್ತಿ ಆಯ್ಕೆ ಮಾಡುತ್ತಿದ್ದರು. ಹಾಗಾಗಿ ಕೆಲಸ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಲು ಸಾಧ್ಯವಾಯಿತು. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಅಲಿಷಿಯಾ ಮೊಡೆಸ್ಟಿನೊ ನೋಡಿದಾಗ, ಕೆಲಸ ಸಿಕ್ಕವರ ಮೇಲೆ ಮುಂದಿನ 17 ತಿಂಗಳಲ್ಲಿ ಹಿಂಸೆಯ ಆರೋಪಗಳು ಶೇ 35ರಷ್ಟು ಕಡಿಮೆ. ಶಿಕಾಗೋದಲ್ಲಿ ಸಾರಾ ಹೆಲ್ಲರ್ ಮಾಡಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಂಸೆಗೆ ಸಂಬಂಧಿಸಿದ ಬಂಧನಗಳು ಶೇ 43ರಷ್ಟು ಕಡಿಮೆ. ಅದೂ ಬರೀ ಎಂಟು ವಾರದ ಕೆಲಸಕ್ಕೆ. ಕೈಯಲ್ಲಿ ಕಾಸು ಇದ್ದದ್ದರಿಂದ ಎಂದಷ್ಟೇ ಇದನ್ನು ವಿವರಿಸಲು ಆಗುವುದಿಲ್ಲ, ಕೆಲಸ ಮುಗಿದು ಕಾಸು ಖರ್ಚಾದ ಮೇಲೂ ಪರಿಣಾಮ ಉಳಿದಿತ್ತು. ಯಜಮಾನ ಬೈದಾಗ ಹಲ್ಲು ಕಚ್ಚಿಕೊಂಡು ಇರುವುದನ್ನು ಕಲಿಯುತ್ತಾರೆ ಎಂಬುದು ನನ್ನ ಊಹೆ. ಟೈರ್ ಅಂಗಡಿಯಲ್ಲಿ ಅದನ್ನು ಕಲಿಯಲು ಬೇಕಾದಷ್ಟು ಅವಕಾಶವಿದೆ.

ಬಂದೂಕು ತಂದುಕೊಟ್ಟವರಿಗೆ ಗಿಫ್ಟ್ ಕಾರ್ಡ್ ಕೊಡುವ ಕಾರ್ಯಕ್ರಮಕ್ಕೆ ಹಣ ಹಾಕೋಣ ಎಂದವರೂ ಇದ್ದರು. ನೋಡಲು ಬಹಳ ಚೆನ್ನ, ಮೇಜಿನ ತುಂಬ ಬಂದೂಕಿನ ರಾಶಿ, ಒಳ್ಳೆಯ ಫೋಟೋ. ಆದರೆ ಬರುವುದು ಹೆಚ್ಚಾಗಿ ಅಜ್ಜನ ಕಾಲದ, ಅಟ್ಟದ ಮೇಲಿದ್ದ ತುಕ್ಕು ಹಿಡಿದ ಕೋವಿಗಳು. ಅದರಿಂದ ಕೊಲೆ ಇಳಿದದ್ದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನಾನು ಬೇಡ ಎಂದೆ.

ಮೊದಲ ಬೇಸಿಗೆಗೆ ಟೈರ್ ಅಂಗಡಿಯವರು ಇಬ್ಬರು ಹುಡುಗರನ್ನು ತೆಗೆದುಕೊಂಡರು. ಒಬ್ಬ ಮೊದಲ ವಾರವೇ ತಡವಾಗಿ ಬಂದು ಬೈಸಿಕೊಂಡ, ಮರುದಿನ ಬೇಗ ಬಂದು ಬಾಗಿಲಲ್ಲಿ ಕಾದಿದ್ದ, ಮೂರನೇ ದಿನ ಮತ್ತೆ ತಡ. ಇನ್ನೊಬ್ಬ ಬಾಯಿ ಬಿಡದವನು, ಗ್ರಾಹಕರ ಕಾರಿನ ಸೀಟಿನಡಿ ಸಿಕ್ಕ ಹಣವನ್ನು ಎಣಿಸಿ ತಂದು ಕೌಂಟರಿನ ಮೇಲಿಟ್ಟನಂತೆ. 18 ತುಂಬದವರು ಕಾರು ಎತ್ತುವ ಲಿಫ್ಟ್ ಮುಟ್ಟುವಂತಿಲ್ಲ. ಅವರ ವಿಮೆಗಾಗಿ ಏಜೆಂಟರು ಪುಕ್ಕಟೆ ಓಡಾಡಿದರು. ಶವಸಂಸ್ಕಾರದ ಮನೆಯವರು ತಮ್ಮಲ್ಲಿ ಹುಲ್ಲು ಕತ್ತರಿಸಲು, ಕಾರು ತೊಳೆಯಲು ಒಬ್ಬನನ್ನು ಇಟ್ಟುಕೊಂಡರು. ಒಳಗಿನ ಕೋಣೆಗೆ ಬರಬೇಡ ಎಂದು ಹೇಳಿದ್ದಾರಂತೆ, ಅವನಿಗೂ ಬರುವ ಆಸೆಯಿಲ್ಲವಂತೆ. ಬರುವ ಬೇಸಿಗೆಗೆ ಇನ್ನೂ ನಾಲ್ಕು ಜಾಗ ಬೇಕು. ನಿವೃತ್ತ ಮೇಡಂ ಗ್ರಂಥಾಲಯದವರನ್ನು ಒಪ್ಪಿಸಿದ್ದಾರೆ. ಹಲ್ಲಿನ ಡಾಕ್ಟರು ಯೋಚಿಸಿ ಹೇಳುತ್ತೇನೆ ಎಂದವರು ಇನ್ನೂ ಯೋಚಿಸುತ್ತಲೇ ಇದ್ದಾರೆ, ಗುರುವಾರದ ಊಟಕ್ಕೆ ಅವರ ಪಕ್ಕದ ಕುರ್ಚಿ ಹಿಡಿಯಬೇಕು.